ಫೆಟ್‌ನ ಫ್ಯಾರಡೆ ಲ್ಯಾಬ್: ಸೆಕೆಂಡ್ ಪಿಯು ಲೆಕ್ಕಗಳಿಗೆ ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ

ವಿದ್ಯುತ್ಕಾಂತೀಯ ಪ್ರೇರಣೆಯ ಲೆಕ್ಕಗಳಲ್ಲಿ ಅಂಕ ಹೋಗಲು ಮುಖ್ಯ ಕಾರಣ ಗುಣಾಕಾರ, ಭಾಗಾಕಾರ ಅಲ್ಲ. ಫ್ಲಕ್ಸ್ (ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರದ ಒಟ್ಟು ಪ್ರಮಾಣ) ಎಷ್ಟಿದೆ ಎಂಬುದು ಬೇರೆ, ಅದು ಎಷ್ಟು ಬೇಗ ಬದಲಾಗುತ್ತಿದೆ ಎಂಬುದು ಬೇರೆ. ಇದು ಮನಸ್ಸಿಗೆ ಇಳಿಯದೇ ಇದ್ದರೆ ಸೂತ್ರ ಬಾಯಿಪಾಠ ಇದ್ದರೂ ಪ್ರಶ್ನೆಯನ್ನು ಚೂರು ತಿರುಗಿಸಿ ಕೇಳಿದಾಗ ವಿದ್ಯಾರ್ಥಿ ತಡವರಿಸುತ್ತಾರೆ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಯೋಜನೆಯ ‘ಫ್ಯಾರಡೇಸ್ ಎಲೆಕ್ಟ್ರೋಮ್ಯಾಗ್ನೆಟಿಕ್ ಲ್ಯಾಬ್’ ಎಂಬ ಸಿಮ್ಯುಲೇಶನ್ ಈ ಒಂದು ತೊಡಕನ್ನು ಚೆನ್ನಾಗಿ ಬಿಡಿಸುತ್ತದೆ. ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ಯೋಜನೆ ಇದು. ದುಡ್ಡು ಕೊಡಬೇಕಿಲ್ಲ, ಮೊಬೈಲ್ ಬ್ರೌಸರಿನಲ್ಲೇ ತೆರೆಯುತ್ತದೆ.

ಇದರಲ್ಲಿ ದಂಡಕಾಂತ, ಪಿಕಪ್ ಕಾಯಿಲ್ (ತಂತಿಯ ಸುರುಳಿ), ವಿದ್ಯುತ್ಕಾಂತ, ಟ್ರಾನ್ಸ್‌ಫಾರ್ಮರ್, ಜನರೇಟರ್ ಎಂದು ಐದು ಭಾಗಗಳಿವೆ. ನೇರವಾಗಿ ಪಿಕಪ್ ಕಾಯಿಲ್‌ಗೆ ಹೋಗಿ. ಬಲ್ಬಿನ ಬದಲು ವೋಲ್ಟ್‌ಮೀಟರ್ ಆರಿಸಿ. ಬಲ್ಬು ಎರಡೂ ದಿಕ್ಕಿನ ಪ್ರವಾಹಕ್ಕೆ ಒಂದೇ ರೀತಿ ಉರಿಯುವುದರಿಂದ ಲೆನ್ಜ್ ನಿಯಮ (ಪ್ರೇರಿತ ಪ್ರವಾಹ ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನು ವಿರೋಧಿಸುವ ದಿಕ್ಕಿನಲ್ಲಿ ಹರಿಯುತ್ತದೆ ಎಂಬುದು) ಕಲಿಯಲು ಅದು ಸಾಲದು. ಈಗ ಕಾಂತವನ್ನು ನಿಧಾನವಾಗಿ ಸುರುಳಿಯೊಳಗೆ ತಂದು ನಿಲ್ಲಿಸಿ. ಮುಳ್ಳು ಒಮ್ಮೆ ವಾಲಿ ಸೊನ್ನೆಗೆ ಮರಳುತ್ತದೆ. ಕಾಂತ ಸುರುಳಿಯ ಒಳಗೇ ಇದೆ, ಫ್ಲಕ್ಸ್ ಜೋರಾಗಿಯೇ ಇದೆ, ಆದರೂ ಇಎಂಎಫ್ (ಸುರುಳಿಯಲ್ಲಿ ಹುಟ್ಟುವ ವೋಲ್ಟೇಜ್) ಸೊನ್ನೆ. ಈ ನೋಟವನ್ನು ಅರಗಿಸಿಕೊಂಡರೆ ಅರ್ಧ ಅಧ್ಯಾಯ ಮುಗಿದಂತೆ.

ಆಮೇಲೆ ಕಾಂತವನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದೇ ವೇಗದಲ್ಲಿ ಪೂರ್ತಿ ದಾಟಿಸಿ. ಮುಳ್ಳು ಮೊದಲು ಒಂದು ಕಡೆಗೆ ವಾಲಿ, ಕಾಂತದ ನಡುಭಾಗ ಸುರುಳಿಯ ನಡುವೆ ಬಂದಾಗ ಸೊನ್ನೆ ದಾಟಿ, ಮತ್ತೆ ಎದುರು ಕಡೆಗೆ ವಾಲುತ್ತದೆ. ಇಎಂಎಫ್-ಕಾಲದ ನಕ್ಷೆ ಬರೆಯಿರಿ ಎಂದು ಕೇಳಿದರೆ ಬರೆಯಬೇಕಾದದ್ದು ಇದನ್ನೇ. ಕಾಂತವನ್ನು ಮೇಲಿನಿಂದ ಬೀಳಬಿಟ್ಟ ಪ್ರಶ್ನೆಯಾದರೆ ಒಂದು ಬದಲಾವಣೆ ಇದೆ: ಬೀಳುವಾಗ ವೇಗ ಹೆಚ್ಚುವುದರಿಂದ ಎರಡನೇ ಶಿಖರ ಮೊದಲಿನದಕ್ಕಿಂತ ಎತ್ತರ, ಅಗಲ ಕಡಿಮೆ. ಎರಡರ ಕೆಳಗಿನ ಕ್ಷೇತ್ರಫಲ ಮಾತ್ರ ಸಮ, ಏಕೆಂದರೆ ಏರಿದಷ್ಟೇ ಫ್ಲಕ್ಸ್ ಇಳಿದಿರುತ್ತದೆ.

ದಿಕ್ಕು ನೋಡುವಾಗ ಒಂದು ಎಚ್ಚರ ಬೇಕು. ಸುರುಳಿಯಲ್ಲಿ ಹರಿಯುವಂತೆ ತೋರಿಸಿರುವುದು ಎಲೆಕ್ಟ್ರಾನುಗಳಾದರೆ, ಬಲಗೈ ನಿಯಮದಲ್ಲಿ ಹಿಡಿಯಬೇಕಾದ ಪ್ರವಾಹ ಅದಕ್ಕೆ ವಿರುದ್ಧ ದಿಕ್ಕಿನದು. ಇದನ್ನು ಗಮನಿಸದೆ ನೋಟ್ಸ್ ಮಾಡಿಕೊಂಡರೆ ಲೆನ್ಜ್ ನಿಯಮದ ಪ್ರತಿ ಉತ್ತರವೂ ತಲೆಕೆಳಗಾಗುತ್ತದೆ.

ಅಂಕಿಗಳ ವಿಷಯದಲ್ಲಿ ಈ ಲ್ಯಾಬ್ ಕೈಕೊಡುತ್ತದೆ. ವೋಲ್ಟ್‌ಮೀಟರಿನಲ್ಲಿ ಓದಬಹುದಾದ ವೋಲ್ಟ್ ಬೆಲೆಯೇ ಇಲ್ಲ. ಸುತ್ತುಗಳೂ ಬೆರಳೆಣಿಕೆಯಷ್ಟು. ವಿಸ್ತೀರ್ಣದ ಸ್ಲೈಡರ್ ಇದೆ ನಿಜ, ಆದರೆ ವಿಸ್ತೀರ್ಣ ದುಪ್ಪಟ್ಟಾದರೆ ಇಎಂಎಫ್ ದುಪ್ಪಟ್ಟು ಎಂದು ಪರೀಕ್ಷಿಸಲು ಹೋಗಬೇಡಿ. ಆ ಸಂಬಂಧ ಏಕರೂಪ ಕ್ಷೇತ್ರಕ್ಕೆ ಸೇರಿದ್ದು, ದಂಡಕಾಂತದ ಕ್ಷೇತ್ರ ಏಕರೂಪವಲ್ಲ. ಹಾಗಾಗಿ 5 ಅಂಕದ ಲೆಕ್ಕವನ್ನು ಪಕ್ಕದಲ್ಲಿ ಹಾಳೆ ಇಟ್ಟುಕೊಂಡೇ ಮಾಡಬೇಕು. ಉದಾಹರಣೆಗೆ 100 ಸುತ್ತು, 25 ಚದರ ಸೆಂಟಿಮೀಟರ್ ವಿಸ್ತೀರ್ಣದ ಸುರುಳಿಗೆ ಲಂಬವಾಗಿರುವ ಕ್ಷೇತ್ರ 0.05 ಸೆಕೆಂಡಿನಲ್ಲಿ 0.4 ಟೆಸ್ಲಾದಿಂದ ಸೊನ್ನೆಗೆ ಇಳಿಯಿತು ಎನ್ನಿ. 25 ಚದರ ಸೆಂಟಿಮೀಟರ್ ಎಂದರೆ 0.0025 ಚದರ ಮೀಟರ್. ಒಂದು ಸುತ್ತಿನ ಫ್ಲಕ್ಸ್ ಬದಲಾವಣೆ 0.001 ವೆಬರ್, 100ರಿಂದ ಗುಣಿಸಿ 0.05ರಿಂದ ಭಾಗಿಸಿದರೆ 2 ವೋಲ್ಟ್. ಸೆಂಟಿಮೀಟರಿನ ರೂಢಿಯಲ್ಲಿ 25ನ್ನು 10,000ದ ಬದಲು 100ರಿಂದ ಭಾಗಿಸಿದರೆ ಬರುವುದು 200 ವೋಲ್ಟ್. ಇಂಥ ತಪ್ಪನ್ನು ಯಾವ ಸಿಮ್ಯುಲೇಶನ್ನೂ ಹಿಡಿದುಕೊಡುವುದಿಲ್ಲ. ಸೂತ್ರ, ಬೆಲೆ ಹಾಕುವುದು, ಏಕಕದೊಂದಿಗೆ ಉತ್ತರ, ಈ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದರೆ ಕಡೆಯ ಸಾಲು ತಪ್ಪಿದರೂ ಮೇಲಿನವಕ್ಕೆ ಅಂಕ ಉಳಿಯುತ್ತದೆ.

ಜನರೇಟರ್ ಭಾಗ ನೋಡಲು ಸೊಗಸು: ನೀರು ಬಿದ್ದಂತೆ ಚಕ್ರ ತಿರುಗುತ್ತದೆ, ನಿಮಿಷಕ್ಕೆ ಎಷ್ಟು ಸುತ್ತು ಎಂದು ಅಂಕಿ ಬರುತ್ತದೆ. ಆದರೆ ಇಲ್ಲಿ ತಿರುಗುವುದು ಕಾಂತ, ಸುರುಳಿ ನಿಂತಲ್ಲೇ ಇರುತ್ತದೆ. ಪಿಯು ಪಠ್ಯದಲ್ಲಿ ತಿರುಗುವುದು ಸುರುಳಿ. ತತ್ವ ಒಂದೇ, ಆದರೆ ಪರೀಕ್ಷೆಯಲ್ಲಿ ಈ ಚಿತ್ರ ಬರೆದರೆ ತಿರುಗುವ ಸುರುಳಿಯಿಂದ ಪ್ರವಾಹ ಹೊರತರುವ ಸ್ಲಿಪ್ ರಿಂಗ್, ಬ್ರಷ್‌ಗಳ ಅಂಕ ಹೋಗುತ್ತದೆ. ವೇಗವನ್ನು ಕೋನವೇಗಕ್ಕೆ ತಿರುಗಿಸುವ ಅಭ್ಯಾಸಕ್ಕೆ ಮಾತ್ರ ಈ ಭಾಗ ಒಳ್ಳೆಯದು: ನಿಮಿಷಕ್ಕೆ 60 ಸುತ್ತು ಎಂದರೆ ಸೆಕೆಂಡಿಗೆ 1 ಸುತ್ತು, ಅಂದರೆ 6.28 ರೇಡಿಯನ್. 50 ಸುತ್ತುಗಳ, 0.04 ಚದರ ಮೀಟರಿನ ಸುರುಳಿ 0.05 ಟೆಸ್ಲಾದಲ್ಲಿ ಸೆಕೆಂಡಿಗೆ 50 ಬಾರಿ ತಿರುಗಿದರೆ ಗರಿಷ್ಠ ಇಎಂಎಫ್ (ಸುತ್ತು, ಕ್ಷೇತ್ರ, ವಿಸ್ತೀರ್ಣ, ಕೋನವೇಗಗಳ ಗುಣಲಬ್ಧ) 31.4 ವೋಲ್ಟ್. 5 ವೋಲ್ಟ್ ಬಂದಿದ್ದರೆ ಎರಡು ಪೈ ಮರೆತಿದ್ದೀರಿ.

ಇನ್ನೊಂದು ದೊಡ್ಡ ಕೊರತೆ ಶಕ್ತಿಯ ಲೆಕ್ಕದ್ದು. ನಿಜವಾದ ಜನರೇಟರಿಗೆ ಲೋಡ್ ಹಾಕಿದರೆ ತಿರುಗಿಸುವುದು ಕಷ್ಟವಾಗುತ್ತದೆ. ಇಲ್ಲಿ ಬಲ್ಬು ಉರಿದರೂ ಚಕ್ರಕ್ಕೆ ಅದರ ಅರಿವಿಲ್ಲ, ಕಾಂತವನ್ನು ಎಳೆಯುವ ಬೆರಳಿಗೂ ತಡೆ ಇಲ್ಲ. ಲೆನ್ಜ್ ನಿಯಮ ಶಕ್ತಿ ಸಂರಕ್ಷಣೆಗೆ ಹೇಗೆ ಒಪ್ಪುತ್ತದೆ ಎಂಬ ಪ್ರಶ್ನೆಗೆ ಉತ್ತರವೇ ಆ ತಡೆ. ಅದನ್ನು ಮೇಷ್ಟ್ರು ಬಾಯಿಮಾತಿನಲ್ಲಿ ಸೇರಿಸಲೇಬೇಕು, ಅಥವಾ ತಾಮ್ರದ ಕೊಳವೆಯಲ್ಲಿ ನಿಯೋಡೈಮಿಯಂ ಕಾಂತ ಬಿಟ್ಟು ಅದು ನಿಧಾನವಾಗಿ ಇಳಿಯುವುದನ್ನು ತೋರಿಸಬೇಕು.

ಟ್ರಾನ್ಸ್‌ಫಾರ್ಮರ್ ಭಾಗದಲ್ಲಿ ಡಿಸಿ ಕೊಟ್ಟು ಎರಡೂ ಸುರುಳಿ ಅಲುಗಾಡದಂತೆ ಬಿಟ್ಟರೆ ಏನೂ ಬರುವುದಿಲ್ಲ, ಎಸಿ ಕೊಟ್ಟರೆ ಬರುತ್ತದೆ. ಅಷ್ಟು ನೋಡಿ ಹೊರಬನ್ನಿ. ಕಬ್ಬಿಣದ ತಿರುಳಿಲ್ಲದೆ ಫ್ಲಕ್ಸ್ ಸೋರುವುದರಿಂದ ಸುತ್ತುಗಳ ಅನುಪಾತದ ಲೆಕ್ಕ ಇಲ್ಲಿ ಕೂಡುವುದಿಲ್ಲ. ಹಳಿಗಳ ಮೇಲೆ ಸರಿಯುವ ಸರಳು, ಎರಡು ಸಮಾಂತರ ತಂತಿಗಳ ನಡುವಿನ ಬಲ ಇವೂ ಇದರಲ್ಲಿಲ್ಲ.

ಕಾಲೇಜಿನಲ್ಲಿ ನೆಟ್ ಸರಿಯಿಲ್ಲದಿದ್ದರೆ ಫೆಟ್ ತಾಣದಿಂದ ಸಿಮ್ಯುಲೇಶನ್ನಿನ ಫೈಲನ್ನು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಇಂಟರ್ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ನಡೆಯುತ್ತದೆ.