ಗೋದಾಮಿನ ಫೋರ್ಕ್‌ಲಿಫ್ಟಿಗೆ ಯಾವ ಬ್ಯಾಟರಿ ಕನೆಕ್ಟರ್? ಎಸ್‌ಬಿ, ಅದರ ನಕಲು, ಡಿನ್: ಮೂರನ್ನೂ ಹಾಕಿ ನೋಡಿದ್ದು

ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾನು ನೋಡಿಕೊಳ್ಳುವ ತೊಗರಿಬೇಳೆ ಗೋದಾಮಿನಲ್ಲಿ 24 ವೋಲ್ಟಿನ ಸ್ಟ್ಯಾಕರ್‌ಗಳೂ (ಸರಕು ಎತ್ತಿ ಪೇರಿಸುವ ಸಣ್ಣ ಗಾಡಿಗಳು) 48 ವೋಲ್ಟಿನ ಫೋರ್ಕ್‌ಲಿಫ್ಟ್‌ಗಳೂ ಇವೆ. ಗಾಡಿ ಕೊಳ್ಳುವಾಗ ಮೋಟಾರು, ಟೈರು ಎಲ್ಲ ವಿಚಾರಿಸುತ್ತಾರೆ. ಬ್ಯಾಟರಿಯನ್ನು ಗಾಡಿಗೂ ಚಾರ್ಜರಿಗೂ ಜೋಡಿಸಲು ದಿನಾ ಕಿತ್ತು ಹಾಕುವ ಕನೆಕ್ಟರ್ ನೆನಪಾಗುವುದು ಅದು ಸುಟ್ಟ ಮೇಲೆಯೇ.

ಆಂಡರ್ಸನ್ ಕಂಪನಿಯ ಎಸ್‌ಬಿ175 ಕನೆಕ್ಟರ್ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿದೆ. ಇದರಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲ. ಎರಡೂ ಕಡೆಗೆ ಒಂದೇ ತುಂಡು, ಸ್ಟೋರಿನಲ್ಲಿ ಒಂದೇ ಬಗೆ ಇಟ್ಟರೆ ಸಾಕು. ಬೆಳ್ಳಿ ಲೇಪದ ತಾಮ್ರದ ಚಪ್ಪಟೆ ನಾಲಿಗೆಗಳು ಹಾಕಿ ತೆಗೆಯುವಾಗಲೆಲ್ಲ ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದ ತೊಗರಿ ಹೊಟ್ಟಿನ ದೂಳು ಕುಳಿತರೂ ತಾನೇ ಒರೆಸಿಹೋಗುತ್ತದೆ.

ಅಂಗಡಿಯವರು ‘ಸೇಮ್ ಮಾಲ್’ ಎಂದು ಕೊಡುವ ನಕಲು ಹೊರಗಿನಿಂದ ಥೇಟ್ ಹಾಗೇ ಇರುತ್ತದೆ. ಬೇಸಿಗೆಯಲ್ಲಿ ಗೋದಾಮಿನೊಳಗೇ ಧಗೆ, ಅದರ ಮೇಲೆ ಡ್ರೈವರ್ ಹುಡುಗ ಬಂದು, “ಅಣ್ಣಾ, ಪ್ಲಗ್ಗು ಕೈಗೆ ಚುರುಕ್ ಅನ್ಲತ್ತದ ನೋಡ್ರಿ” ಅಂದ. ಲೋಡ್ ಎತ್ತಿಸಿ, ಕರೆಂಟ್ ಅಳೆಯಲು ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿ, ಕನೆಕ್ಟರಿನ ಆಚೀಚೆ ಮಲ್ಟಿಮೀಟರ್ ಹಿಡಿದು ಮಿಲಿವೋಲ್ಟ್ ನೋಡಿದೆ. ನಕಲಿನಲ್ಲಿ ಡ್ರಾಪ್ (ಕನೆಕ್ಟರಿನಲ್ಲೇ ಕಳೆದುಹೋಗುವ ವೋಲ್ಟೇಜ್) ಅಸಲಿಗಿಂತ ಎಷ್ಟೋ ಪಟ್ಟು ಹೆಚ್ಚು. 150 ಆಂಪಿಯರ್ ಹರಿಯುವಾಗ 150 ಮಿಲಿವೋಲ್ಟ್ ಕಂಡರೆ ಅಲ್ಲಿ ಒಂದು ಮಿಲಿಓಮ್ ತಡೆ ಇದೆ ಎಂದರ್ಥ. ಅದು 22.5 ವ್ಯಾಟ್ ಶಾಖ. ಸಣ್ಣ ಸೋಲ್ಡರಿಂಗ್ ಐರನ್ ಒಂದನ್ನು ಪ್ಲಗ್ಗಿನೊಳಗೆ ಮುಚ್ಚಿಟ್ಟ ಹಾಗೆ. ನಾಲಿಗೆಯನ್ನು ಅರದಿಂದ ಕೆರೆದರೆ ಒಳಗೆ ಹಳದಿ ಹಿತ್ತಾಳೆ. ಹಿತ್ತಾಳೆಯ ವಾಹಕತೆ ತಾಮ್ರದ ಕಾಲು ಭಾಗದ ಆಸುಪಾಸು ಅಷ್ಟೇ. ಇದನ್ನು ಫೋರ್ಕ್‌ಲಿಫ್ಟಿಗೆ ಪುಕ್ಕಟೆ ಕೊಟ್ಟರೂ ನಾನು ಹಾಕುವುದಿಲ್ಲ.

ಹಾಗಂತ ಅಸಲಿ ಮಾಲು ತಂದು ಲಗ್ಗನ್ನು (ಕೇಬಲ್ ತುದಿ ತೂರಿಸುವ ಲೋಹದ ಕೊಳವೆ) ಸುತ್ತಿಗೆಯಿಂದ ಜಜ್ಜಿದರೆ ಅದೂ ಬಿಸಿಯಾಗುತ್ತದೆ. 50 ಸ್ಕ್ವೇರ್ (ಚದರ ಮಿ.ಮೀ.) ಕೇಬಲ್ಲಿಗೆ ಸರಿಯಾದ ಡೈ (ಒತ್ತುವ ಅಚ್ಚು) ಹಾಕಿ ಹೈಡ್ರಾಲಿಕ್ ಕ್ರಿಂಪರಿನಲ್ಲೇ ಒತ್ತಬೇಕು. ಊರಲ್ಲಿ ಆ ಟೂಲ್ ಇರುವವರನ್ನು ಹುಡುಕಿ ಕೈಗೆ ದುಡ್ಡು ಕೊಟ್ಟು ಮಾಡಿಸಿದರೂ ನಷ್ಟವಿಲ್ಲ.

ಡಿನ್, ಅಂದರೆ ಜರ್ಮನಿಯ ಡಿಐಎನ್ ಮಾನಕದ ಕನೆಕ್ಟರ್, ಯುರೋಪಿನ ಗಾಡಿಗಳ ಜೊತೆ ಬರುವುದು. 80, 160, 320 ಆಂಪಿಯರಿನವು ಸಿಗುತ್ತವೆ. ಇದರ ದೊಡ್ಡ ಗುಣ ನಡುವಿನ ಸಣ್ಣ ಪೈಲಟ್ ಪಿನ್. ಪ್ಲಗ್ ಎಳೆದಾಗ ಮೊದಲು ಇದು ಬಿಡುತ್ತದೆ. ವೈರಿಂಗ್ ಹಾಗೆ ಮಾಡಿದ್ದರೆ ಕಾಂಟ್ಯಾಕ್ಟರ್ (ಕರೆಂಟ್ ಕಡಿಯುವ ದೊಡ್ಡ ಸ್ವಿಚ್) ಆಫ್ ಆಗಿ, ಮುಖ್ಯ ಪಿನ್ ಬಿಡುವ ಹೊತ್ತಿಗೆ ಕರೆಂಟೇ ಇರುವುದಿಲ್ಲ. ಚಾರ್ಜರ್ ಆಫ್ ಮಾಡದೆ ಪ್ಲಗ್ ಎಳೆಯುವ ಮಂದಿ ನಮ್ಮಲ್ಲಿ ಕಡಿಮೆಯೇನಿಲ್ಲ. ಎಸ್‌ಬಿಯಲ್ಲಿ ಹಾಗೆ ಎಳೆದರೆ ಕಿಡಿ ಹಾರಿ ನಾಲಿಗೆಯ ಮೇಲೆ ಕಪ್ಪು ಗುಳಿ ಬೀಳುತ್ತದೆ. ಆದರೆ ಡಿನ್‌ನಲ್ಲಿ ಗಂಡು ಹೆಣ್ಣು ಎರಡನ್ನೂ ಸ್ಟಾಕ್ ಇಡಬೇಕು, ಬಿಡಿ ಪಿನ್ ನಮಗೆ ಹೈದರಾಬಾದಿನಿಂದಲೇ ಬರಬೇಕು. ಹೆಣ್ಣು ತೂತಿನ ತಳದಲ್ಲಿ ದೂಳು ಗಟ್ಟಿಯಾಗಿ ಕೂರುವುದರಿಂದ ವಾರಕ್ಕೊಮ್ಮೆ ಗಾಳಿ ಹೊಡೆಯಲೇಬೇಕು.

ಡಿನ್ ಜೊತೆಗೇ ಬಂದ ಗಾಡಿಯಲ್ಲಿ ಅದನ್ನು ಕಿತ್ತು ಎಸ್‌ಬಿ ಹಾಕಬೇಡಿ. ಪೈಲಟ್ ವೈರು ದಿಕ್ಕಿಲ್ಲದೆ ನೇತಾಡುತ್ತದೆ. ಉಳಿದ ಗಾಡಿಗಳಿಗೆ ನನ್ನ ಆಯ್ಕೆ ಅಸಲಿ ಎಸ್‌ಬಿಯೇ. ತರುವಾಗ ಬಣ್ಣ ನೋಡಿ: 24 ವೋಲ್ಟಿಗೆ ಕೆಂಪು, 36ಕ್ಕೆ ಬೂದು, 48ಕ್ಕೆ ನೀಲಿ. ಒಳಗಿನ ಕೀ (ತಪ್ಪು ಜೋಡಿ ಕೂರದಂತೆ ಮಾಡಿದ ಉಬ್ಬು-ತಗ್ಗು) ಬೇರೆ ಬೇರೆ ಇರುವುದರಿಂದ ಸ್ಟ್ಯಾಕರಿನ ಕೆಂಪು ಪ್ಲಗ್ಗು ಫೋರ್ಕ್‌ಲಿಫ್ಟ್ ಚಾರ್ಜರಿನ ನೀಲಿಗೆ ಕೂರುವುದೇ ಇಲ್ಲ.