ಸ್ಟಾಲ್ ಸ್ಪೀಡ್ ಏರಿಸಿದ ಟಾರ್ಕ್ ಕನ್ವರ್ಟರ್: ಪುಣೆಯಲ್ಲಿ 14 ತಿಂಗಳು

ನಮ್ಮ ಕೋಥ್ರೂಡ್ ಸೊಸೈಟಿಯ ಪಾರ್ಕಿಂಗಿನಿಂದ ಗೇಟಿಗೆ ಬರಲು ಒಂದು ಸಣ್ಣ ಏರು ಇದೆ. ಆರು ವರ್ಷ ದಿನಾ ಬೆಳಿಗ್ಗೆ ಅದನ್ನು ಒಂದೇ ರೀತಿ ಹತ್ತಿದ್ದೇನೆ. 'ಡಿ'ಗೆ ಹಾಕಿ, ಬ್ರೇಕ್ ಮೆಲ್ಲಗೆ ಬಿಡುವುದು. ಅಷ್ಟೇ. ಆಕ್ಸಿಲರೇಟರ್ ಮುಟ್ಟುವ ಮಾತೇ ಇಲ್ಲ. ಕಾರು ತಾನಾಗಿ ತೆವಳಿಕೊಂಡು ಮೇಲೆ ಬರುತ್ತಿತ್ತು. ವಾಚ್‌ಮನ್ ಗೇಟು ತೆಗೆಯುವ ಹೊತ್ತಿಗೆ ನಾನು ಸರಿಯಾಗಿ ಅಲ್ಲಿರುತ್ತಿದ್ದೆ.

ಟಾರ್ಕ್ ಕನ್ವರ್ಟರ್, ಅಂದರೆ ಆಟೋಮ್ಯಾಟಿಕ್ ಗಾಡಿಯಲ್ಲಿ ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ, ಬದಲಾದ ಮೇಲೆ ಕಾರು ಅರ್ಧ ಏರಿಗೇ ನಿಲ್ಲುತ್ತದೆ.

ನಂದು ಹಳೆಯ ಸೆಡಾನ್. 1.5 ಲೀಟರ್ ಪೆಟ್ರೋಲ್, ನಾಲ್ಕು ಗೇರಿನ ಆಟೋಮ್ಯಾಟಿಕ್. ಹೋದ ವರ್ಷ 60-70ರ ವೇಗದಲ್ಲಿ ಗಾಡಿ ಗಡಗಡ ನಡುಗತೊಡಗಿತು. ಕನ್ವರ್ಟರ್ ಒಳಗೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಹಿಡಿದು ಜೋಡಿಸುವ ಲಾಕ್‌ಅಪ್ ಕ್ಲಚ್ ಸವೆದಿತ್ತು. ಗೇರ್‌ಬಾಕ್ಸ್ ಇಳಿಸಿ, ಕನ್ವರ್ಟರ್ ಕೊಯ್ದು ರಿಪೇರಿ ಮಾಡಿಸಲೇಬೇಕಿತ್ತು. ಆಗ ಗ್ಯಾರೇಜಿನವರು, ಹೇಗೂ ಬಿಚ್ಚುತ್ತೇವೆ, ಸ್ಟಾಲ್ ಸ್ವಲ್ಪ ಏರಿಸೋಣ, ಸಿಗ್ನಲ್‌ನಲ್ಲಿ ಗಾಡಿ ಜಿಗಿಯುತ್ತೆ ಅಂದರು. ಏಸಿ ಹಾಕಿ ಐದು ಜನ ಕೂತರೆ ನನ್ನ ಕಾರು ಏಳುವುದೇ ಕಷ್ಟವಿತ್ತು. ಒಪ್ಪಿದೆ. ಎಲ್ಲ ಸೇರಿ 38 ಸಾವಿರ ಆಯಿತು.

ಬ್ರೇಕ್ ಗಟ್ಟಿಯಾಗಿ ಒತ್ತಿ, 'ಡಿ'ಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ಎಷ್ಟು ಆರ್‌ಪಿಎಂಗೆ (ನಿಮಿಷಕ್ಕೆ ಸುತ್ತುವ ಸುತ್ತು) ಹೋಗಿ ನಿಲ್ಲುತ್ತದೋ ಅದೇ ಸ್ಟಾಲ್ ಸ್ಪೀಡ್. ನನ್ನದು ಮೊದಲು 2,300ರ ಆಸುಪಾಸು ಇತ್ತು, ಈಗ 2,900. ಮನೆಯಲ್ಲಿ ಸುಮ್ನೆ ಪರೀಕ್ಷೆ ಮಾಡಲು ಹೋಗಬೇಡಿ. ಗಾಡಿ ನಿಂತಲ್ಲೇ ಇರುವುದರಿಂದ ಎಂಜಿನ್ನಿನ ಶಕ್ತಿಯೆಲ್ಲ ಗೇರ್ ಆಯಿಲಿನಲ್ಲಿ ಬಿಸಿಯಾಗಿ ಸೇರುತ್ತದೆ. ಮೆಕ್ಯಾನಿಕ್ ಕೂಡ ಐದು ಸೆಕೆಂಡ್ ದಾಟಿಸಬಾರದು.

ಮೊದಲ ತಿಂಗಳು ಖುಷಿಯೋ ಖುಷಿ. ಸಣ್ಣ ಪೆಟ್ರೋಲ್ ಎಂಜಿನ್ನಿಗೆ ಕೆಳಗಿನ ಆರ್‌ಪಿಎಂನಲ್ಲಿ ಜೀವ ಕಡಿಮೆ. ಸ್ಟಾಲ್ ಮೇಲಿದ್ದರೆ ಅದು ಬೇಗ ತನ್ನ ಬಲದ ಜಾಗಕ್ಕೆ ಹೋಗುತ್ತದೆ. ಚಾಂದಣಿ ಚೌಕದ ಏರಿನಲ್ಲಿ ಹಿಂದಿನವರು ಹಾರ್ನ್ ಹೊಡೆಯುವ ಮೊದಲೇ ನಾನು ಹೊರಟಿರುತ್ತಿದ್ದೆ.

ಆಮೇಲೆ ಹಿಂಜವಡಿಯ ಟ್ರಾಫಿಕ್ ಬಂತು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ವಾಕಡ್‌ನಿಂದ ಮುಂದೆ ಹತ್ತು ಅಡಿ ಹೋಗು, ನಿಲ್ಲು. ಮತ್ತೆ ಹತ್ತು ಅಡಿ. ಮೊದಲು ಇದನ್ನು ಬರೀ ಬ್ರೇಕ್ ಬಿಟ್ಟು ಹಿಡಿದು ದಾಟುತ್ತಿದ್ದೆ. ಈಗ ಪ್ರತಿ ಸಲ ಆಕ್ಸಿಲರೇಟರ್ ಒತ್ತಬೇಕು. ಮೊದಲು ಎಂಜಿನ್ ಕೂಗುತ್ತದೆ, ಆಮೇಲೆ ಗಾಡಿ ಕದಲುತ್ತದೆ. ಧಾರವಾಡದಿಂದ ಬಂದಿದ್ದ ಅವ್ವ ಪಕ್ಕದಲ್ಲಿ ಕೂತು, "ಗಾಡಿ ಯಾಕಪಾ ಇಷ್ಟು ಒದರಾಕತ್ತೈತಿ?" ಅಂತ ಕೇಳಿದಳು. ನನಗೆ ನಿಜವಾಗಿ ಬೇಜಾರಾಯಿತು. ಸ್ಟಾಲ್ ಏರಿಸಿದರೆ ತೆವಳುವ ಬಲ ಇಳಿಯುತ್ತದೆ ಅಂತ ಗ್ಯಾರೇಜಿನಲ್ಲಿ ಒಬ್ಬರೂ ಹೇಳಿರಲಿಲ್ಲ. ಹೇಳಬೇಕಿತ್ತು ಅಲ್ವಾ? ದಿನಕ್ಕೆ ಎರಡು ಗಂಟೆ ತೆವಳುವವನಿಗೆ ಅದೇ ಮುಖ್ಯ.

ಊರೊಳಗೆ ಲೀಟರಿಗೆ ಹತ್ತೂವರೆ ಕೊಡುತ್ತಿದ್ದ ಕಾರು ಈಗ ಒಂಬತ್ತು ಕೊಡುತ್ತದೆ. ಹೈವೇಯಲ್ಲಿ ಮಾತ್ರ ಮೊದಲಿನಷ್ಟೇ, 15ರ ಹತ್ತಿರ. ಯಾಕೆಂದರೆ ಒಂದೇ ವೇಗದಲ್ಲಿ ಹೋಗುವಾಗ ಲಾಕ್‌ಅಪ್ ಹಿಡಿದು ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಜೋಡಿಸುತ್ತದೆ. ಆಗ ಸ್ಟಾಲ್ ಎಷ್ಟಿದ್ದರೂ ಲೆಕ್ಕಕ್ಕಿಲ್ಲ.

ನನ್ನ ಸಿಟ್ಟು ಸ್ವಲ್ಪ ಇಳಿದದ್ದು ದೀಪಾವಳಿಗೆ ಊರಿಗೆ ಹೋಗುವಾಗ. ಖಂಬಾಟ್ಕಿ ಘಾಟಿನಲ್ಲಿ ಮುಂದಿನ ಲಾರಿ ಏರಿನಲ್ಲೇ ನಿಂತುಬಿಟ್ಟಿತು. ಐದು ಜನ, ಡಿಕ್ಕಿ ತುಂಬ ಸಾಮಾನು, ಏಸಿ ಬೇರೆ. ಲಾರಿ ಹೊರಟಾಗ ಮೆಲ್ಲಗೆ ಒತ್ತಿದೆ. ಕಾರು ಒಂದಿಂಚೂ ಹಿಂದೆ ಜಾರದೆ ಎದ್ದು ನಡೆಯಿತು. ಹಳೆಯ ಕನ್ವರ್ಟರಿನಲ್ಲಿ ಇದೇ ಜಾಗದಲ್ಲಿ ನನ್ನ ಕೈ ಬೆವರುತ್ತಿತ್ತು. ಆದರೆ ಈ ಪ್ರವಾಸಕ್ಕೆ ಮೊದಲೇ 7 ಸಾವಿರ ಕೊಟ್ಟು ಗೇರ್ ಆಯಿಲ್ ತಣಿಸಲು ಬೇರೆ ಕೂಲರ್ ಹಾಕಿಸಿದ್ದೆ. ಅದಿಲ್ಲದೆ ಇಂಥ ಘಾಟ್ ಹತ್ತಬೇಡಿ. ಕನ್ವರ್ಟರ್ ಜಾರಿದಷ್ಟೂ, ಅಂದರೆ ಎಂಜಿನ್ ಸುತ್ತಿದಷ್ಟು ಗೇರ್‌ಬಾಕ್ಸ್ ಸುತ್ತದಿದ್ದಷ್ಟೂ, ಆಯಿಲ್ ಬಿಸಿಯಾಗುತ್ತದೆ. ಆಯಿಲ್ ಸುಟ್ಟರೆ ಗೇರ್‌ಬಾಕ್ಸ್ ಕ್ಲಚ್‌ಗಳೂ ಹೋಗುತ್ತವೆ. ಈಗ ಭಾನುವಾರ ಡಿಪ್‌ಸ್ಟಿಕ್ ತೆಗೆದು ಬಿಳಿ ಬಟ್ಟೆಗೆ ಒರೆಸಿ ಬಣ್ಣ ನೋಡುವುದು, ಮೂಸುವುದು ನನ್ನ ರೂಢಿ. ಇನ್ನೂ ಕೆಂಪಗೇ ಇದೆ, ಸುಟ್ಟ ವಾಸನೆ ಇಲ್ಲ.

ಮಾಡಿಸುವವರಿದ್ದರೆ ಒಂದು ಪ್ರಶ್ನೆ ತಪ್ಪದೆ ಕೇಳಿ: ಅವರು ಹೇಳುವ ಸ್ಟಾಲ್ ಯಾವ ಎಂಜಿನ್ನಿಗೆ? ಅದೇ ಕನ್ವರ್ಟರ್ ಜಾಸ್ತಿ ಟಾರ್ಕಿನ (ತಿರುಗಿಸುವ ಬಲದ) ಎಂಜಿನ್ನಿಗೆ ಹಾಕಿದರೆ ಸ್ಟಾಲ್ ಮೇಲೆ ಹೋಗುತ್ತದೆ, ಕಡಿಮೆಯದಕ್ಕೆ ಹಾಕಿದರೆ ಇಳಿಯುತ್ತದೆ. ಬರೀ ಒಂದು ಸಂಖ್ಯೆ ಕೇಳಿ ದುಡ್ಡು ಕೊಡಬೇಡಿ.

ಐದರಲ್ಲಿ ಮೂರು ಸ್ಟಾರ್. ವಾರಕ್ಕೊಮ್ಮೆ ಘಾಟ್ ಹತ್ತುವವನಾಗಿದ್ದರೆ ನಾಲ್ಕು ಕೊಡುತ್ತಿದ್ದೆ. ಮುಂದೆ ಯಾವಾಗಲಾದರೂ ಗೇರ್‌ಬಾಕ್ಸ್ ಇಳಿಸಿದರೆ ಕಂಪನಿಯ ಮೊದಲಿನ ಸ್ಟಾಲ್‌ಗೇ ಮರಳುತ್ತೇನೆ. ನನಗೆ ಆ ಗೇಟಿನ ಏರು ಮತ್ತೆ ಬರೀ ಬ್ರೇಕ್ ಬಿಟ್ಟು ಹತ್ತಬೇಕು.