ಆನ್‌ಲೈನ್ ಕೋಳಿ ಗೂಡು: ಕೋಳಿ ಹೊರಗೆ ಹೋಗಲ್ಲ, ಮುಂಗುಸಿ ಒಳಗೆ ಬರುತ್ತೆ

ಏಳು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ. ಮೊದಲ ವಾರದಲ್ಲೇ ಬರೆದಿದ್ದರೆ 5 ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಈಗ 2. ಅದೂ ಮರದ ಚೌಕಟ್ಟು ಗಟ್ಟಿ ಇದೆ ಅಂತ.

ನಮ್ಮ ಮನೆ ಬೀದರ್‌ನ ನೌಬಾದ್ ಕಡೆ. ಹಿಂದೆ ಖಾಲಿ ಪ್ಲಾಟುಗಳು, ಪ್ಲಾಟಿನ ತುಂಬಾ ಜಾಲಿ ಕಂಟಿ. ದೀಪಾವಳಿ ಆದ ಮೇಲೆ 6,800 ರೂಪಾಯಿ ಕೊಟ್ಟು ಈ ಗೂಡು ತರಿಸಿದೆ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಮೇಲೆ ತಗಡು, ಕೆಳಗೆ ಎಳೆದು ತೊಳೆಯುವ ಪ್ಲಾಸ್ಟಿಕ್ ಟ್ರೇ. '8ರಿಂದ 10 ಕೋಳಿ' ಅಂತ ಬರೆದಿದ್ದಾರೆ. ಸುಳ್ಳು. ಒಂದು ಕೋಳಿಗೆ ಎರಡು ಚದರ ಅಡಿ ಅಂತ ಹಿಡಿದರೂ ನಾಲ್ಕೇ ಆಗುತ್ತವೆ. ನಮ್ಮ ಗಿರಿರಾಜ ತಳಿಯ ಕೋಳಿಗಳ ಗಾತ್ರಕ್ಕೆ ಅದೂ ಇಕ್ಕಟ್ಟು.

ಅಸಲಿ ತಕರಾರು ಜಾಲರಿಯದು. ಆರು ಮೂಲೆಯ ತೆಳ್ಳನೆಯ ತಂತಿ ಜಾಲರಿ, ಅದನ್ನ ಸ್ಟೇಪಲ್ ಪಿನ್ನಿನಿಂದ ಮರಕ್ಕೆ ಹೊಡೆದಿದ್ದಾರೆ. ಈ ಜಾಲರಿ ಇರುವುದು ಕೋಳಿ ಹೊರಗೆ ಹೋಗದಿರಲಿ ಅಂತ, ಹೊರಗಿನದು ಒಳಗೆ ಬರದಿರಲಿ ಅಂತ ಅಲ್ಲ. ಇದು ನನಗೆ ಗೊತ್ತಾಗೋದರೊಳಗೆ ನಾಲ್ಕು ಮರಿ, ಒಂದು ಹೇಂಟೆ ಹೋಗಿದ್ದವು. ಪಕ್ಕದ ಮನೆಯವರ ಜೊತೆ ಮಾತೂ ನಿಂತಿತ್ತು.

ಆ ಕಥೆ ಹೇಳಲೇಬೇಕು. ಗೂಡನ್ನ ನಾನು ಕಾಂಪೌಂಡ್ ಗೋಡೆಗೆ ತಾಗಿಸಿ ಇಟ್ಟಿದ್ದೆ. ಗೋಡೆ ಆಚೆ ಪಕ್ಕದ ಮನೆ ಕಾಕಾರ ಅಡುಗೆಮನೆ ಕಿಟಕಿ. ವಾಸನೆ ಅಂದರು, ಬೆಳಗಿನ ಜಾವ ನಾಲ್ಕಕ್ಕೇ ಹುಂಜ ಕೂಗುತ್ತದೆ ಅಂದರು, ಕೋಳಿ ಇದ್ದಲ್ಲಿ ಹಾವು ಬರುತ್ತದೆ ಅಂದರು. ನಾನು ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಎರಡು ಮರಿ ಕಾಣೆಯಾದವು. ಕಾಕಾರ ಮನೆಯ ಕೆಂದು ಬೆಕ್ಕು ದಿನಾ ಅದೇ ಗೋಡೆ ಮೇಲೆ ಕೂತು ನಮ್ಮ ಗೂಡನ್ನ ಟಿವಿ ನೋಡಿದ ಹಾಗೆ ನೋಡುತ್ತಿತ್ತು. ಇನ್ನೇನು ಬೇಕು? ಗೋಡೆ ಹತ್ತಿರ ನಿಂತು ಓಣಿಗೆಲ್ಲಾ ಕೇಳುವ ಹಾಗೆ ಬೈದುಬಿಟ್ಟೆ. ಈ ಸಲ ಎಳ್ಳಮಾಸಿಗೆ (ಎಳ್ಳು ಅಮಾವಾಸ್ಯೆ ಹಬ್ಬಕ್ಕೆ) ಅವರ ಹೊಲದಿಂದ ಭಜ್ಜಿ, ಅಂಬಲಿ ನಮ್ಮ ಮನೆಗೆ ಬರಲಿಲ್ಲ. ಬೀದರ್‌ನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಕಳ್ಳನನ್ನ ಕಂಡವಳು ನಮ್ಮ ಅವ್ವ. ಹಾಡಹಗಲು 11 ಗಂಟೆಗೆ ಮಾಳಿಗೆ ಮೇಲೆ ಬಟ್ಟೆ ಒಣಗಿಸುತ್ತಿದ್ದಳು. ಜಾಲಿ ಕಂಟಿಯೊಳಗಿಂದ ಒಂದು ಮುಂಗುಸಿ ಬಂತು, ಗೂಡಿನ ಹಿಂದಿನ ಮೂಲೆಗೆ ನೆಟ್ಟಗೆ ಹೋಯಿತು, ಮನೆ ಕೀಲಿ ತನ್ನ ಹತ್ತಿರವೇ ಇರುವ ಹಾಗೆ ಒಳಗೆ ನುಗ್ಗಿತು. ಹೋಗಿ ನೋಡಿದರೆ ಅಲ್ಲಿ ಮೂರು ಪಿನ್ ಕಿತ್ತು ಬಂದಿದ್ದವು. ನನ್ನ ಮುಷ್ಟಿ ಹಿಡಿಸದ ಸಂದಿ. ಅದಕ್ಕೆ ಸಾಕು.

ಕಂಪನಿಗೆ ಫೋಟೋ ಕಳಿಸಿದೆ. ವಾಪಸ್ ಕೊಡುವ ಅವಧಿ ಮುಗಿದಿದೆ ಅಂತ ಉತ್ತರ ಬಂತು. ಪಿನ್ನಿನ ಬಗ್ಗೆ ಒಂದು ಮಾತಿಲ್ಲ. ಬೋನು ಇಡು ಅಂತ ಒಬ್ಬರು ಸಲಹೆ ಕೊಟ್ಟರು. ಮುಂಗುಸಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುವ ಪ್ರಾಣಿ, ಹಿಡಿದರೂ ಕೊಂದರೂ ಕೇಸು. ಅಲ್ಲದೆ ತಪ್ಪು ಅದರದ್ದಾ? ಬಾಗಿಲು ತೆರೆದಿಟ್ಟವನು ನಾನು.

ಕೊನೆಗೆ ವೆಲ್ಡಿಂಗ್ ಅಂಗಡಿಗೆ ಹೋಗಿ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ತಂದೆ. ಪಿನ್ ಬಿಟ್ಟು ಸ್ಕ್ರೂ, ವಾಷರ್ ಹಾಕಿ ಕೂರಿಸಿದೆ. ಮುಂಗುಸಿ, ಹೆಗ್ಗಣ ಅಡಿಯಿಂದ ತೋಡುತ್ತವಲ್ಲ, ಅದಕ್ಕೆ ಜಾಲರಿಯನ್ನ ನೆಲದೊಳಗೆ ಒಂದು ಅಡಿ ಹೂಳಬೇಕು ಅನ್ನುತ್ತಾರೆ. ನಮ್ಮ ಬೀದರ್ ಕೆಂಪು ಕಲ್ಲಿನ ನೆಲದಲ್ಲಿ ಹೂಳಿ ನೋಡಿ, ಕೈ ಗುಳ್ಳೆ ಏಳುತ್ತದೆ. ಹೂಳಲಿಲ್ಲ. ಗೂಡಿನ ಸುತ್ತ ಒಂದು ಅಡಿ ಅಗಲಕ್ಕೆ ಮೆಶ್ಶನ್ನ ನೆಲದ ಮೇಲೆ ಸೆರಗಿನ ಹಾಗೆ ಹಾಸಿ ಕಲ್ಲು ಹೇರಿದೆ. ಪ್ರಾಣಿ ಗೂಡಿನ ಬುಡದಲ್ಲೇ ತೋಡುತ್ತದೆ. ಒಂದು ಅಡಿ ಹಿಂದೆ ಸರಿದು ತೋಡಬೇಕು ಅಂತ ಅದಕ್ಕೆ ಹೊಳೆಯುವುದಿಲ್ಲ. ಚಿಲಕಕ್ಕೂ ಒಂದು ಕೊಕ್ಕೆ ಸೇರಿಸಿದೆ. ಎಲ್ಲಾ ಸೇರಿ ಇನ್ನೂ 2,100 ಖರ್ಚು. ಆಮೇಲೆ ಒಂದು ಕೋಳಿಯೂ ಹೋಗಿಲ್ಲ.

ಹಾವಿನ ವಿಷಯದಲ್ಲಿ ಕಾಕಾ ಅರ್ಧ ಸರಿ. ರಾತ್ರಿ ಉಳಿದ ಜೋಳಕ್ಕೆ ಇಲಿ ಬರುತ್ತವೆ, ಇಲಿಗೆ ಹಾವು. ಈಗ ಸಂಜೆಯೇ ಕಾಳಿನ ತಟ್ಟೆ ಎತ್ತಿಡುತ್ತೇನೆ. ಗೂಡನ್ನ ಗೋಡೆಯಿಂದ 15 ಅಡಿ ಈಚೆ ತಂದೆ. ಹುಂಜ ಔರಾದ್‌ನ ಅಕ್ಕನ ಮನೆಗೆ ಹೋಯಿತು. ಬೇಸಿಗೆಯಲ್ಲಿ ತಗಡು ಕಾದು ಒಳಗೆ ಒಲೆ ಆಗಿತ್ತು, ಮೇಲೆ ಒದ್ದೆ ಗೋಣಿಚೀಲ ಹಾಕುತ್ತಿದ್ದೆ. ಇದನ್ನೂ ಕಂಪನಿಯವರು ಯೋಚಿಸಬೇಕಿತ್ತು.

ಹೊಸ ಮರಿ ತರುವಾಗ ಸ್ವರ್ಣಧಾರ ತಳಿಯವನ್ನ ತಂದೆ. ಗಿರಿರಾಜಕ್ಕಿಂತ ಮೈ ಹಗುರ, ಬೆಕ್ಕು ಗಿಕ್ಕು ಬಂದರೆ ತಪ್ಪಿಸಿಕೊಳ್ಳುವುದು ಸುಲಭ.

ಕಾಕಾರ ಮನೆಗೆ ಹೋಗಿ ತಪ್ಪಾಯಿತು ಅಂದೆ. ಮೊಟ್ಟೆ ಕೊಟ್ಟು ರಾಜಿ ಆಗೋಣ ಅಂದರೆ ಅವರು ಮೊಟ್ಟೆ ಮುಟ್ಟುವವರಲ್ಲ. ನಿಂಬೆ ಗಿಡಕ್ಕೆ ಎರಡು ಬಕೆಟ್ ಗೊಬ್ಬರ ಕೇಳಿದರು. ಹಸಿಯದು ಹಾಕಿದರೆ ಗಿಡ ಸುಡುತ್ತದೆ, ಕೊಳೆಸಿ ಕೊಡುತ್ತೇನೆ ಅಂದಿದ್ದೇನೆ. ಮುಂಗುಸಿ ವಿಷಯ ಕೇಳಿ ಮಾತ್ರ ಅವರಿಗೆ ಭಾರೀ ಖುಷಿ. ಅದು ಇದ್ದರೆ ಹಾವಿನ ಚಿಂತೆ ಇಲ್ಲ, ಓಡಿಸಬೇಡ ಅಂತ ನನಗೇ ತಾಕೀತು!

ಅಂದಹಾಗೆ, ಆ ಹೇಂಟೆ ಹೋಗಿದ್ದು ರಾತ್ರಿ. ಮುಂಗುಸಿ ಹಗಲು ತಿರುಗುವ ಪ್ರಾಣಿ. ಕೆಂದು ಬೆಕ್ಕು ಈಗಲೂ ಗೋಡೆ ಮೇಲೆ ಕೂರುತ್ತದೆ. ನಾನು ಬಾಯಿ ಬಿಟ್ಟಿಲ್ಲ.